ಎಂಜಿನ್ ತಣ್ಣಗಿರುವಾಗಲೇ ನೋಡಿ

ಪ್ರಶ್ನೆ: 2014ರ ಸ್ವಿಫ್ಟ್ ಡೀಸೆಲ್ ಕಾರು, 1.20 ಲಕ್ಷ ಕಿ.ಮೀ. ಓಡಿದೆ. ಕೊಳ್ಳಬೇಕೆಂದಿದ್ದೇನೆ, ಎಂಜಿನ್ ನಂಬಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಅದರ 1.3 ಲೀಟರ್ ಎಂಜಿನ್ ಫಿಯಟ್ ವಿನ್ಯಾಸದ್ದು, ಗಟ್ಟಿಮುಟ್ಟಾದದ್ದು. ಟಾಟಾದ ಇಂಡಿಕಾ ವಿಸ್ಟಾ ಕಾರಿನಲ್ಲೂ ಅದೇ ಇತ್ತು. ಬಿಚ್ಚಿ ಜೋಡಿಸಬಲ್ಲವರು ಸುಲಭವಾಗಿ ಸಿಗುತ್ತಾರೆ. ಆದರೆ ಬೆಳಿಗ್ಗೆ ಬೇಗ ಹೋಗಿ, ಮೊದಲು ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಆಗಲೇ ಚಾಲೂ ಮಾಡಿದ್ದಾರೆ, ಮರುದಿನ ಹೋಗಿ. ತಣ್ಣಗಿನ ಎಂಜಿನ್ ಚಾಲೂ ಆದ ಮೇಲೂ ಗಲಗಲ ಸದ್ದು ನಿಲ್ಲದಿದ್ದರೆ ಟೈಮಿಂಗ್ ಚೈನ್ (ಎಂಜಿನ್ ವಾಲ್ವ್‌ಗಳನ್ನು ಸರಿಯಾದ ಸಮಯಕ್ಕೆ ನಡೆಸುವ ಸರಪಳಿ) ಸಡಿಲಾಗಿರಬಹುದು. ಆಯಿಲ್ ಕಪ್ಪಗಿದ್ದರೆ ಹೆದರಬೇಡಿ, ಡೀಸೆಲ್‌ನಲ್ಲಿ ಅದು ಸಹಜ. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿ ಬಣ್ಣದ ಜಿಡ್ಡು ಕಂಡರೆ ಮಾತ್ರ ಮುಂಗಡ ಕೊಡಬೇಡಿ; ಎಂಜಿನ್ ತಂಪಾಗಿಸುವ ದ್ರವ (ಕೂಲೆಂಟ್) ಆಯಿಲ್‌ಗೆ ಸೇರುತ್ತಿರಬಹುದು. ನನ್ನ ಮೊದಲ ಕಾರಿನಲ್ಲಿ ಅದನ್ನು ಕಡೆಗಣಿಸಿ, ಎರಡೇ ತಿಂಗಳಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗ ಸೋರದಂತೆ ತಡೆಯುವ ಪದರ) ಬದಲಿಸಬೇಕಾಯಿತು.