ಕೆಂಪು ಲೇಸರ್‌ನಲ್ಲಿ ತೆಗೆದ ಹೋಲೋಗ್ರಾಂ ಹಸಿರು ಬೆಳಕಿನಲ್ಲಿ ಯಾಕೆ ಹೀಗಾಗುತ್ತದೆ?

ಹೀಲಿಯಂ-ನಿಯಾನ್ ಕೆಂಪು ಲೇಸರ್‌ನಲ್ಲಿ ಹೋಲೋಗ್ರಾಂ (ವಸ್ತುವಿನ ಮೂರು ಆಯಾಮದ ಬಿಂಬ ತೋರಿಸುವ ಪ್ಲೇಟ್) ತೆಗೆದು, ಅದನ್ನೇ ಹಸಿರು ಲೇಸರ್‌ನಲ್ಲಿ ನೋಡಿದ್ದೀರಿ. ಬಿಂಬ ಪಕ್ಕಕ್ಕೆ ಸರಿದಿದೆ, ಹಿಂದಕ್ಕೆ ಎಳೆದ ಹಾಗೆ ಉದ್ದವಾಗಿದೆ, ಪರದೆ ಮೇಲೆ ಹಿಡಿಯಲು ಹೋದರೆ ಎಲ್ಲೂ ಫೋಕಸ್ ಆಗುತ್ತಿಲ್ಲ. ಪ್ಲೇಟ್ ಹಾಳಾಯಿತಾ ಅಂತ ಕೇಳಿದ್ದೀರಿ. ಇಲ್ಲ, ಪ್ಲೇಟ್ ಚೆನ್ನಾಗಿಯೇ ಇದೆ. ಮೊದಲು ಬೆಳಕು ಬೀಳುವ ಕೋನ ಬದಲಿಸಿ ನೋಡಿ. ತೊಂದರೆಯ ದೊಡ್ಡ ಪಾಲು ಅಲ್ಲೇ ಹೋಗುತ್ತದೆ.

ಪ್ಲೇಟಿನಲ್ಲಿ ಇರುವುದು ಚಿತ್ರ ಅಲ್ಲ, ವಸ್ತುವಿನಿಂದ ಬಂದ ಬೆಳಕು ಮತ್ತು ರೆಫರೆನ್ಸ್ ಕಿರಣ (ವಸ್ತುವಿಗೆ ತಾಗದೆ ನೇರ ಪ್ಲೇಟಿಗೆ ಬಿಟ್ಟ ಲೇಸರ್ ಬೆಳಕು) ಸೇರಿ ಮೂಡಿಸಿದ ಗೆರೆಗಳು ಅಲ್ವಾ? ರೆಫರೆನ್ಸ್ ಕಿರಣ 45 ಡಿಗ್ರಿಯಲ್ಲಿ ಬಿದ್ದಿದ್ದರೆ ಎರಡು ಗೆರೆಗಳ ನಡುವಿನ ಅಂತರ ಸುಮಾರು 0.9 ಮೈಕ್ರಾನ್. ಅದು 632.8 ನ್ಯಾನೋಮೀಟರ್ ತರಂಗಾಂತರದ (ಅಲೆಯ ಉದ್ದದ) ಕೆಂಪಿನ ಅಳತೆಗೆ ಮೂಡಿದ ಗೆರೆ. 532 ನ್ಯಾನೋಮೀಟರ್ ಹಸಿರು ಅದೇ ಗೆರೆಗಳಲ್ಲಿ ಕೆಂಪಿನಷ್ಟು ಬಾಗುವುದಿಲ್ಲ. ನೀವು ಹೇಳಿದ್ದೆಲ್ಲ ಇದೊಂದರಿಂದಲೇ ಆಗುವುದು.

ವಸ್ತು ಪ್ಲೇಟಿನ ನೇರ ಎದುರಿಗೆ 20 ಸೆಂಟಿಮೀಟರ್ ದೂರದಲ್ಲಿತ್ತು, ರೆಫರೆನ್ಸ್ ಸಮಾಂತರ ಕಿರಣ ಅಂತ ಇಟ್ಟುಕೊಳ್ಳಿ. ಹಸಿರು ಬೆಳಕನ್ನು ಅದೇ 45 ಡಿಗ್ರಿಯಲ್ಲಿ ಬಿಟ್ಟರೆ ಬಿಂಬ ಆರೂವರೆ ಡಿಗ್ರಿ ಪಕ್ಕಕ್ಕೆ ಹೋಗುತ್ತದೆ. ದೂರ ಸುಮಾರು 23.8 ಸೆಂಟಿಮೀಟರ್ ಆಗುತ್ತದೆ. ಅಗಲ, ಎತ್ತರ ಹಾಗೇ ಉಳಿದು ಆಳ ಮಾತ್ರ 1.19 ಪಟ್ಟು ಹಿಗ್ಗುತ್ತದೆ. ಚೌಕದ ದಾಳ ಇಟ್ಟಿದ್ದರೆ ಉದ್ದನೆಯ ಪೆಟ್ಟಿಗೆ ಕಾಣುತ್ತದೆ.

ನಾನು ಇಟ್ಟಿದ್ದು ದಾಳವೇ. ಅದರ ಮೇಲೆ ಗುಂಡುಸೂಜಿ ತಲೆಯಷ್ಟು ಸಣ್ಣ ಬೇರಿಂಗ್ ಗುಂಡು ಅಂಟಿಸಿದ್ದೆ, ಹೊಳೆಯುವ ಚುಕ್ಕೆ ಒಂದು ಬೇಕಿತ್ತು. ಬಿಂಬ ಪ್ಲೇಟಿನ ಮುಂದೆ ಬಂದು ಪರದೆ ಮೇಲೆ ಬೀಳಲಿ ಅಂತ ಪ್ಲೇಟನ್ನು ಹಿಂದುಮುಂದಾಗಿ ತಿರುಗಿಸಿ, ಹಸಿರಿನಲ್ಲಿ ಆ ಚುಕ್ಕೆಯನ್ನು ಬಿಳಿ ಕಾಗದದ ಮೇಲೆ ಹಿಡಿದೆ. ಪ್ಲೇಟ್ ಪೂರ್ತಿ ತೆರೆದಿದ್ದಾಗ ಅದು ಬಾಲ ಇರುವ ಧೂಮಕೇತು! ಇದೇ ಕೋಮಾ ಎಂಬ ದೋಷ. 2 ಸೆಂಟಿಮೀಟರ್ ತೂತಿನ ರಟ್ಟು ಅಡ್ಡ ಇಟ್ಟಾಗ ಬಾಲ ಹೋಯಿತು. ಭೂತಗನ್ನಡಿಯಲ್ಲಿ ನೋಡಿದರೆ ಚುಕ್ಕೆ ಇಲ್ಲ, ಪುಟ್ಟ ಗೀಟು. ಕಾಗದವನ್ನು 3 ಮಿಲಿಮೀಟರ್‌ನಷ್ಟು ಸರಿಸಿದೆ, ನಿಂತಿದ್ದ ಗೀಟು ಮಲಗಿತು. ಇದು ಅಸ್ಟಿಗ್ಮ್ಯಾಟಿಸಂ, ಅಂದರೆ ಉದ್ದ ಮತ್ತು ಅಡ್ಡ ದಿಕ್ಕಿನ ಕಿರಣಗಳು ಬೇರೆಬೇರೆ ದೂರದಲ್ಲಿ ಫೋಕಸ್ ಆಗುವ ದೋಷ. ಪುಸ್ತಕದಲ್ಲಿ ಎಷ್ಟು ಸಲ ಓದಿದ್ದರೂ, ಕಣ್ಣೆದುರು ಗೀಟು ತಿರುಗಿದ್ದು ನೋಡಿದ ಮೇಲೇ ನನಗೆ ಅರ್ಥವಾಗಿದ್ದು.

ಬರಿಗಣ್ಣಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಕಣ್ಣಿನ ಪಾಪೆ ಕೆಲವೇ ಮಿಲಿಮೀಟರ್ ಅಗಲ, ಅದೇ ರಟ್ಟಿನ ತೂತಿನ ಕೆಲಸ ಮಾಡುತ್ತದೆ. ತಲೆ ಆಡಿಸಿದರೆ ಮಾತ್ರ ಬಿಂಬ ಈಜಿದ ಹಾಗೆ ಓಲಾಡುತ್ತದೆ.

ಈಗ ಪರಿಹಾರ. ಹಸಿರು ಕಿರಣವನ್ನು 45ರಿಂದ ಸುಮಾರು 36.5 ಡಿಗ್ರಿಗೆ ಇಳಿಸಿ. 45ರ ಸೈನ್ ಬೆಲೆಯನ್ನು 532/632.8ರಿಂದ ಗುಣಿಸಿದರೆ ಈ ಕೋನದ ಸೈನ್ ಸಿಗುತ್ತದೆ. ಆಗ ಬಿಂಬ ನೇರಕ್ಕೆ ಬರುತ್ತದೆ. ನಡುವಿನ ಚುಕ್ಕೆಯ ಕೋಮಾ, ಅಸ್ಟಿಗ್ಮ್ಯಾಟಿಸಂ ಎರಡೂ ಹೋಗುತ್ತವೆ, ಅಂಚಿನ ಚುಕ್ಕೆಗಳಲ್ಲಿ ಸ್ವಲ್ಪ ಉಳಿಯುತ್ತದೆ. ಸ್ಫೆರಿಕಲ್ ಅಬೆರೇಶನ್ (ಪ್ಲೇಟಿನ ನಡುವಿನ ಮತ್ತು ಅಂಚಿನ ಕಿರಣಗಳು ಬೇರೆಬೇರೆ ದೂರದಲ್ಲಿ ಫೋಕಸ್ ಆಗುವ ದೋಷ) ಕೋನಕ್ಕೆ ಬಗ್ಗುವುದಿಲ್ಲ. ಅದಕ್ಕೆ ರಟ್ಟೇ ಮದ್ದು: ತೂತಿನ ಅಗಲ ಅರ್ಧ ಮಾಡಿದರೆ ಅದರಿಂದಾಗುವ ಹರಡುವಿಕೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಬೆಳಕು ಕಮ್ಮಿಯಾಗುತ್ತದೆ, ಲೇಸರ್‌ನ ಕಾಳುಕಾಳು ಜಾಸ್ತಿ ಕಾಣುತ್ತದೆ, ಅಷ್ಟು ಸಹಿಸಬೇಕು.

ಹಿಗ್ಗಿದ ಆಳ ಮಾತ್ರ ಇದ್ಯಾವುದಕ್ಕೂ ಸರಿಹೋಗುವುದಿಲ್ಲ. ಅದು ಸರಿಯಾಗಬೇಕಾದರೆ ಗೆರೆಗಳ ವಿನ್ಯಾಸವನ್ನೇ 0.84 ಪಟ್ಟಿಗೆ (532/632.8) ಕುಗ್ಗಿಸಬೇಕು. ಆಗ ದೋಷಗಳೆಲ್ಲ ಒಟ್ಟಿಗೆ ಹೋಗಿ, ಬಿಂಬವೂ ಎಲ್ಲಾ ಕಡೆ ಸಮನಾಗಿ 0.84 ಪಟ್ಟಾಗುತ್ತದೆ. 1948ರಲ್ಲಿ ಭೌತವಿಜ್ಞಾನಿ ಡೆನಿಸ್ ಗಾಬರ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಬಿಂಬ ಸುಧಾರಿಸಲು ಹೋಲೋಗ್ರಫಿಯನ್ನು ಮುಂದಿಟ್ಟಾಗಲೂ ತರಂಗಾಂತರ ಬದಲಿಸುವ ಯೋಚನೆ ಇತ್ತು. ಎಲೆಕ್ಟ್ರಾನ್ ಅಲೆಯಲ್ಲಿ ದಾಖಲಿಸಿ, ಅದಕ್ಕಿಂತ ಸುಮಾರು 1 ಲಕ್ಷ ಪಟ್ಟು ಉದ್ದದ ಬೆಳಕಿನ ಅಲೆಯಲ್ಲಿ ನೋಡುವ ಯೋಚನೆ ಅದು. ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದ ಹೋಲೋಗ್ರಾಂ ಆದರೆ ಗೆರೆ ಕುಗ್ಗಿಸುವುದು ಸುಲಭ. ನಿಮ್ಮ ಪ್ಲೇಟಿನ 0.9 ಮೈಕ್ರಾನ್ ಗೆರೆಗಳನ್ನು ಕುಗ್ಗಿಸುವುದು ಆಗದ ಮಾತು. ಹಾಗಾಗಿ ಆಕಾರವೂ ಸರಿ ಬೇಕೆಂದರೆ ಹಸಿರಿನಲ್ಲೇ ಹೊಸದಾಗಿ ತೆಗೆಯಿರಿ. ಪ್ಲೇಟ್ ಕೊಳ್ಳುವಾಗ ಅದು ಹಸಿರು ಬೆಳಕಿಗೆ ಸ್ಪಂದಿಸುತ್ತದಾ ಅಂತ ನೋಡಿಕೊಳ್ಳಿ.