ಹಳೆ ಬುಲೆಟ್ ಸ್ಲೋನಲ್ಲಿ ನಿಲ್ಲುತ್ತಿಲ್ಲ, ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ತಂದೆಯವರ ಕಾಲದ ಕಾಸ್ಟ್ ಐರನ್ ಬುಲೆಟ್ 350, ಪಾಯಿಂಟ್ (ತೆರೆದು ಮುಚ್ಚಿ ಪ್ಲಗ್‌ಗೆ ಕಿಡಿ ಕೊಡಿಸುವ ಭಾಗ) ಇರುವ ಗಾಡಿ, ಸುಂಟಿಕೊಪ್ಪದ ಹತ್ತಿರ ತೋಟದಲ್ಲಿದೆ. ಓಡುವಾಗ ಪರವಾಗಿಲ್ಲ. ನಿಲ್ಲಿಸಿ ಎಕ್ಸಿಲೇಟರ್ ಬಿಟ್ಟರೆ, ಅಂದರೆ ಸ್ಲೋನಲ್ಲಿ (ಐಡ್ಲಿಂಗ್), ಎಂಜಿನ್ ಸ್ಪೀಡ್ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಕೊನೆಗೆ ಆಫ್ ಆಗುತ್ತದೆ. ಮೆಕ್ಯಾನಿಕ್ ಕಾರ್ಬೊರೇಟರ್ ಸ್ಕ್ರೂ ತಿರುಗಿಸಿ ಕೊಟ್ಟರೂ ಸ್ವಲ್ಪ ದಿನಕ್ಕೆ ಮತ್ತೆ ಹಾಗೇ. ಮಳೆಗಾಲ ಮುಗಿದ ಮೇಲೆ ಜಾಸ್ತಿಯಾಗಿದೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆ ಕೊನೆಯ ಸಾಲು.

ಇದೇ ಮಾದರಿಯ ಗಾಡಿಯನ್ನು ನಾನು ಮಡಿಕೇರಿಯಲ್ಲಿ ಇಟ್ಟುಕೊಂಡಿದ್ದೇನೆ, ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ನನ್ನ ಮೊದಲ ಮಾತು ಇಷ್ಟೇ: ಆ ಸ್ಕ್ರೂಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಅದು ಕೊನೆಯ ಕೆಲಸ. ಸ್ಲೋನಲ್ಲಿ ನಿಂತಾಗ ಎಂಜಿನ್ ಎಳೆದುಕೊಳ್ಳುವ ಗಾಳಿಯೂ ಕಡಿಮೆ, ಪೆಟ್ರೋಲೂ ಕಡಿಮೆ. ಹಾಗಾಗಿ ಎಲ್ಲೋ ಒಂದು ಕೂದಲೆಳೆಯಷ್ಟು ಸಂದಿನಲ್ಲಿ ಗಾಳಿ ನುಗ್ಗಿದರೂ, ಒಂದು ಹನಿ ನೀರು ಬಂದರೂ ಅದು ದೊಡ್ಡದಾಗಿ ಕಾಣುತ್ತದೆ. ಎಕ್ಸಿಲೇಟರ್ ಕೊಟ್ಟ ಕೂಡಲೇ ಅದೇ ದೋಷ ಮುಚ್ಚಿಹೋಗುತ್ತದೆ. 'ಓಡುವಾಗ ಸರಿ ಇದೆ' ಅಂತ ನಿಮಗೆ ಅನ್ನಿಸುವುದು ಅದಕ್ಕೇ. ದೋಷ ಹಾಗೇ ಇಟ್ಟು ಸ್ಕ್ರೂ ತಿರುಗಿಸಿದರೆ ಆ ಹೊತ್ತಿಗೆ ಸರಿಹೋದಂತೆ ಕಾಣುತ್ತದೆ, ಹವೆ ಬದಲಾದ ಕೂಡಲೇ ಮತ್ತೆ ಕೆಡುತ್ತದೆ.

ಮೊದಲು ಪೆಟ್ರೋಲ್ ನೋಡಿ. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್‌ಗೆ ನೀರಿನ ಪಸೆ ಹೀರುವ ಗುಣ ಇದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಬಟ್ಟೆ, ಚಪ್ಪಲಿ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ ಅಲ್ವಾ. ಆ ತಿಂಗಳುಗಳಲ್ಲಿ ಶೆಡ್ಡಿನಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು ನಿಂತ ಗಾಡಿಯ ಒಳಗೂ ಪಸೆ ಸೇರುತ್ತದೆ. ನೀರು ಜಾಸ್ತಿಯಾದಾಗ ಎಥೆನಾಲ್ ಸಮೇತ ಅದು ಬೇರ್ಪಟ್ಟು ಅಡಿಗೆ ಇಳಿಯುತ್ತದೆ. ಅಲ್ಲಿಂದ ಕಾರ್ಬೊರೇಟರ್ ಬೌಲ್‌ಗೆ (ಅಡಿಯಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಬರುತ್ತದೆ. ಕಾರ್ಬೊರೇಟರ್‌ನಲ್ಲಿ ಎಲ್ಲಕ್ಕಿಂತ ಸಣ್ಣ ತೂತು ಪೈಲಟ್ ಜೆಟ್‌ನದು, ಸ್ಲೋನಲ್ಲಿ ಎಂಜಿನ್‌ಗೆ ಪೆಟ್ರೋಲ್ ಕೊಡುವುದೂ ಅದೇ. ಹಾಗಾಗಿ ಮೊದಲ ಏಟು ಅದಕ್ಕೇ.

ಪರೀಕ್ಷೆ ಸುಲಭ. ಎಂಜಿನ್ ಪೂರ್ತಿ ತಣ್ಣಗಿರಲಿ, ಒಲೆ ಬೀಡಿ ಏನೂ ಹತ್ತಿರ ಬೇಡ. ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರ್ ಅಡಿಯ ಬೌಲ್ ಬಿಚ್ಚಿ, ಅದರಲ್ಲಿ ಇರುವುದನ್ನು ಒಂದು ಗಾಜಿನ ಲೋಟಕ್ಕೆ ಸುರಿದು ಸ್ವಲ್ಪ ಹೊತ್ತು ಬಿಡಿ. ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ಗುಂಡಗೆ ಕೂರುತ್ತದೆ. ಕೆಂಪು ಪುಡಿ ಇದ್ದರೆ ಟ್ಯಾಂಕ್ ಒಳಗೆ ತುಕ್ಕು. ನೀರು ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿ. ಹಳೆಯದರ ಮೇಲೆ ಹೊಸದು ಸುರಿದರೆ ಪ್ರಯೋಜನ ಇಲ್ಲ. ಪೆಟ್ರೋಲ್ ಪೈಪ್ ಉಬ್ಬಿ ಮೆತ್ತಗಾಗಿದ್ದರೆ ಅದನ್ನೂ ಬದಲಿಸಿ, ಹಳೆ ರಬ್ಬರಿಗೆ ಎಥೆನಾಲ್ ಆಗಿಬರುವುದಿಲ್ಲ.

ಬೌಲ್ ಬಿಚ್ಚಿದಾಗಲೇ ಪೈಲಟ್ ಜೆಟ್ ಕಳಚಿ ಬೆಳಕಿಗೆ ಹಿಡಿಯಿರಿ. ತೂತು ಪೂರ್ತಿ ಗುಂಡಗೆ ಕಾಣಬೇಕು. ಕಾರ್ಬ್ ಕ್ಲೀನರ್ ಹೊಡೆದು, ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ಊದಿಸಿ. ಕಟ್ಟಿದ್ದು ಬಿಡದಿದ್ದರೆ ಕರೆಂಟ್ ವೈರ್ ಒಳಗಿನ ತಾಮ್ರದ ಒಂದೇ ಎಳೆ ತೂರಿಸಿ. ಸೂಜಿ, ಪಿನ್ನು ಖಂಡಿತ ಬೇಡ. ಜೆಟ್ ಹಿತ್ತಾಳೆಯದು, ತೂತು ದೊಡ್ಡದಾದರೆ ಮತ್ತೆ ಸಣ್ಣದಾಗುವುದಿಲ್ಲ. ಜೆಟ್ ಜೊತೆಗೆ ಕಾರ್ಬೊರೇಟರ್ ಮೈಯೊಳಗಿನ ಸಣ್ಣ ದಾರಿಗಳನ್ನೂ ಊದಿಸಿ. ಬಹಳ ಜನ ಜೆಟ್ ಮಾತ್ರ ತೊಳೆದು ಮುಚ್ಚಿಬಿಡುತ್ತಾರೆ.

ಏರ್ ಫಿಲ್ಟರ್ ಡಬ್ಬಿಯನ್ನೂ ತೆಗೆದು ನೋಡಿ. ತೋಟದ ಶೆಡ್ಡಿನಲ್ಲಿ ನಿಂತ ಗಾಡಿ ಅಂದರೆ ಇಲಿ ಗೂಡು ಕಟ್ಟಿರುವ ಸಾಧ್ಯತೆ ಇದ್ದೇ ಇದೆ. ಫಿಲ್ಟರ್ ಒದ್ದೆಯಾಗಿದ್ದರೆ, ಕಟ್ಟಿದ್ದರೆ ಬದಲಿಸಿ.

ಈಗ ಗಾಳಿ ಸೋರಿಕೆ. ನೀವು ಹೇಳಿದ ಏರಿಳಿತ ಕೇಳಿದರೆ ನನಗೆ ಅನುಮಾನ ಜಾಸ್ತಿ ಇದರ ಮೇಲೇ. ಬುಲೆಟ್‌ನಲ್ಲಿ ಕಾರ್ಬೊರೇಟರ್ ಎರಡು ನಟ್ ಮೇಲೆ ಹೆಡ್‌ಗೆ ಕೂರುತ್ತದೆ. ಸೋರದಿರಲಿ ಅಂತ ವರ್ಷಗಟ್ಟಲೆ ಒಬ್ಬರಾದ ಮೇಲೆ ಒಬ್ಬರು ಆ ನಟ್ ಬಿಗಿ ಮಾಡುತ್ತಾ ಬಂದಿರುತ್ತಾರೆ. ಅದರಿಂದಲೇ ಫ್ಲಾಂಜ್ (ಹೆಡ್‌ಗೆ ತಾಗಿ ಕೂರುವ ಚಪ್ಪಟೆ ಮುಖ) ಬಾಗಿ ನಡುವೆ ಸಂದು ಬಿಡುತ್ತದೆ. ಗಿಡಕ್ಕೆ ನೀರು ಸಿಂಪಡಿಸುವ ಸಣ್ಣ ಬಾಟಲಿ ತಗೊಳ್ಳಿ. ಎಂಜಿನ್ ಸ್ಲೋನಲ್ಲಿ ಇರುವಾಗ ಆ ಜೋಡಣೆಯ ಸುತ್ತ ಬರೀ ನೀರು ತೆಳ್ಳಗೆ ಸಿಂಪಡಿಸಿ. ಪ್ಲಗ್ ಕಡೆಗೆ ಬೀಳದಂತೆ ನೋಡಿಕೊಳ್ಳಿ. ಶಬ್ದ ಬದಲಾಯಿತೆಂದರೆ ಅಲ್ಲಿಂದಲೇ ಗಾಳಿ ಎಳೆಯುತ್ತಿದೆ. ಆಗ ಕಾರ್ಬೊರೇಟರ್ ಕಳಚಿ, ದಪ್ಪ ಗಾಜಿನ ಮೇಲೆ ನಯವಾದ ಎಮರಿ ಪೇಪರ್ ಇಟ್ಟು ಫ್ಲಾಂಜ್‌ನ ಮುಖ ಉಜ್ಜಿ ಸಮ ಮಾಡಿ. ಪುಡಿ ಒಳಗೆ ಉಳಿಯದಂತೆ ತೊಳೆದು, ಹೊಸ ಪ್ಯಾಕಿಂಗ್ ಹಾಕಿ, ಎರಡೂ ನಟ್ ಸ್ವಲ್ಪ ಸ್ವಲ್ಪವೇ ಸರದಿ ಮೇಲೆ ಬಿಗಿ ಮಾಡಿ. ಕಾರ್ಬೊರೇಟರ್ ಕೈಯಲ್ಲಿರುವಾಗ ಎಕ್ಸಿಲೇಟರ್ ಎಳೆದಾಗ ಮೇಲೇಳುವ ಒಳಗಿನ ಸ್ಲೈಡ್ ಅಲ್ಲಾಡಿಸಿ ನೋಡಿ. ತುಂಬಾ ಲೊಡಲೊಡ ಅಂದರೆ ಅದರ ಪಕ್ಕದಿಂದಲೂ ಗಾಳಿ ಹೋಗುತ್ತದೆ. ಅಂಥ ಕಾರ್ಬೊರೇಟರ್ ಎಷ್ಟು ಟ್ಯೂನ್ ಮಾಡಿದರೂ ನಿಲ್ಲುವುದಿಲ್ಲ.

ಸ್ಪ್ಯಾನರ್ ಮುಟ್ಟದೆ ಮಾಡುವ ಇನ್ನೊಂದು ಪರೀಕ್ಷೆ ಇದೆ, ನನಗೆ ಬಹಳ ಇಷ್ಟ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಚೋಕ್ ಅರ್ಧ ಎಳೆಯಿರಿ. ಸ್ಲೋ ಸುಧಾರಿಸಿದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಅರ್ಥ. ಮುಗ್ಗರಿಸಿ ಆಫ್ ಆದರೆ ಪೆಟ್ರೋಲ್ ಆಗಲೇ ಜಾಸ್ತಿ ಇದೆ. ಹಾಗೇ ಒಮ್ಮೆ ರೇಸ್ ಕೊಟ್ಟು ಬಿಡಿ. ಸ್ಪೀಡ್ ತಕ್ಷಣ ಇಳಿಯದೆ ಮೇಲೇ ತೇಲುತ್ತಿದ್ದರೆ ಗಾಳಿ ಸೋರಿಕೆ ಹುಡುಕಿ. ಅಡ್ವಾನ್ಸ್ (ಎಂಜಿನ್ ಸ್ಪೀಡಿಗೆ ತಕ್ಕಂತೆ ಕಿಡಿಯ ಹೊತ್ತು ಬದಲಿಸುವ ಭಾಗ) ಸಿಕ್ಕಿಕೊಂಡಿದ್ದರೂ ಹೀಗೇ ಆಗುತ್ತದೆ, ಅದಕ್ಕೆ ಈಗ ಬರುತ್ತೇನೆ.

ನಿಮ್ಮದು ಪಾಯಿಂಟ್ ಗಾಡಿ. ಮಂಜು, ಮಳೆ, ಪಸೆ ಇವೆಲ್ಲ ಪಾಯಿಂಟ್‌ಗೆ ಶತ್ರು. ಮುಚ್ಚಳದ ಪ್ಯಾಕಿಂಗ್ ಸರಿ ಇಲ್ಲದಿದ್ದರೆ ಒಳಗೆ ನೀರು ಬೆವರಿದ ಹಾಗೆ ಕೂತಿರುತ್ತದೆ. ಪಾಯಿಂಟ್ ಮುಖ ನಯವಾದ ಎಮರಿಯಲ್ಲಿ ಉಜ್ಜಿ, ಆಮೇಲೆ ಬಿಳಿ ಕಾಗದ ಎಳೆದು ಒರೆಸಿ. ಪೂರ್ತಿ ತೆರೆದಾಗ ಅಂತರ 0.35ರಿಂದ 0.40 ಮಿ.ಮೀ. ಇರಬೇಕು, ಫೀಲರ್ ಗೇಜ್ ಇಟ್ಟೇ ನೋಡಿ. ಅಂತರ ಬದಲಾದರೆ ಟೈಮಿಂಗ್ (ಕಿಡಿ ಬರುವ ಹೊತ್ತು) ಕೂಡ ಬದಲಾಗುತ್ತದೆ, ಹಾಗಾಗಿ ಟೈಮಿಂಗ್ ನೋಡುವುದು ಇದಾದ ಮೇಲೆ. ಪಾಯಿಂಟ್ ಪ್ಲೇಟ್ ಅಡಿಯಲ್ಲಿ ಆಟೋ ಅಡ್ವಾನ್ಸ್ ಇದೆ. ಮಳೆಗಾಲ ಪೂರ್ತಿ ನಿಂತ ಗಾಡಿಯಲ್ಲಿ ಅದರ ತೂಕಗಳು ತುಕ್ಕು ಹಿಡಿದು ಅರ್ಧದಲ್ಲೇ ನಿಂತುಬಿಡುತ್ತವೆ. ಕ್ಯಾಮನ್ನು ಬೆರಳಲ್ಲಿ ತಿರುಗಿಸಿ ಬಿಟ್ಟರೆ ಸ್ಪ್ರಿಂಗ್ ಎಳೆದು ತಾನೇ ವಾಪಸ್ ಬರಬೇಕು. ಬರದಿದ್ದರೆ ಕಿಕ್ ಕೂಡ ಕಾಲಿಗೆ ಹೊಡೆಯುತ್ತದೆ, ಸ್ಲೋ ಕೂಡ ನಿಲ್ಲುವುದಿಲ್ಲ. ಶುಚಿ ಮಾಡಿ ಒಂದು ಹನಿ ಎಣ್ಣೆ ಸಾಕು. ಪಾಯಿಂಟ್ ಮೇಲೆ ಎಣ್ಣೆ ಹೋಗಬಾರದು.

ರಾತ್ರಿ ಲೈಟ್ ಆರಿಸಿ, ಶೆಡ್ಡಿನ ಹೊರಗೆ ಗಾಡಿ ಸ್ಟಾರ್ಟ್ ಮಾಡಿ ಪ್ಲಗ್ ವೈರ್ ನೋಡಿ. ಮಂಜು ಇದ್ದ ದಿನ ಆದರೆ ಇನ್ನೂ ಒಳ್ಳೆಯದು. ವೈರ್ ಅಥವಾ ಪ್ಲಗ್ ಕ್ಯಾಪ್‌ನಿಂದ ನೀಲಿ ಕಿಡಿ ಹಾರಿದರೆ ಎರಡನ್ನೂ ಬದಲಿಸಿ. ಪ್ಲಗ್ ಹೊಸದೇ ಹಾಕಿ, ಅದಕ್ಕೆ ಯೋಚನೆ ಬೇಡ. ಬ್ಯಾಟರಿ ವೀಕ್ ಇದ್ದರೂ ಸ್ಲೋನಲ್ಲಿ ಕಿಡಿ ಸಪ್ಪೆಯಾಗುತ್ತದೆ. ಹೆಡ್‌ಲೈಟ್ ಹಾಕಿದ ಕೂಡಲೇ ಸ್ಲೋ ಬಿದ್ದುಹೋದರೆ ಅಲ್ಲಿ ನೋಡಿ.

ಕಾರ್ಬೊರೇಟರ್ ಅಂತ ತಲೆ ಕೆಡಿಸಿಕೊಂಡವರು ಮರೆಯುವ ಒಂದು ವಿಷಯ ಡಿಕಂಪ್ರೆಸರ್, ಕಿಕ್ ಹಗುರಾಗಲಿ ಅಂತ ಎಕ್ಸಾಸ್ಟ್ ವಾಲ್ವ್ ಎತ್ತುವ ಲಿವರ್. ಅದರ ಕೇಬಲ್ ಬಿಗಿಯಾಗಿದ್ದರೆ ಎಕ್ಸಾಸ್ಟ್ ವಾಲ್ವ್ ಪೂರ್ತಿ ಕೂರುವುದೇ ಇಲ್ಲ. ಲಿವರ್‌ನಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ಜೊತೆಗೇ ಟ್ಯಾಪೆಟ್, ಅಂದರೆ ವಾಲ್ವ್ ಎತ್ತುವ ಪುಶ್ ರಾಡ್‌ಗಳ ಸಡಿಲ. ಎಂಜಿನ್ ತಣ್ಣಗಿರುವಾಗ, ಪಿಸ್ಟನ್ ಕಂಪ್ರೆಷನ್‌ನಲ್ಲಿ ಮೇಲೆ ಬಂದಾಗ, ಪಕ್ಕದ ಮುಚ್ಚಳ ತೆಗೆದು ಪುಶ್ ರಾಡ್ ಎರಡನ್ನೂ ಬೆರಳಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಶಬ್ದ ಕಡಿಮೆಯಾಗಲಿ ಅಂತ ಬಿಗಿ ಮಾಡಿಸಿದ ಗಾಡಿಗಳಲ್ಲಿ ವಾಲ್ವ್ ಸುಟ್ಟು ಹೋಗುತ್ತದೆ. ಕಾಸ್ಟ್ ಐರನ್ ಬುಲೆಟ್‌ನಲ್ಲಿ ಸ್ವಲ್ಪ ಟಿಕ್ ಟಿಕ್ ಇದ್ದರೆ ಇರಲಿ ಬಿಡಿ.

ಇಷ್ಟಾದ ಮೇಲೆ ಸ್ಕ್ರೂ. ನಮ್ಮ ಜಾಗದ ವಿಷಯ ಇಲ್ಲಿ ಬರುತ್ತದೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಮಂಗಳೂರಿಗಿಂತ ಹೆಚ್ಚುಕಡಿಮೆ ಹತ್ತನೇ ಒಂದು ಭಾಗ ತೆಳು. ಅದೇ ಜೆಟ್ ಇಲ್ಲಿ ಸ್ವಲ್ಪ ಜಾಸ್ತಿ ಪೆಟ್ರೋಲ್ ಕೊಟ್ಟಂತಾಗುತ್ತದೆ. ಎಥೆನಾಲ್ ಇದಕ್ಕೆ ಉಲ್ಟಾ. ಬರೀ ಪೆಟ್ರೋಲ್ ಆದರೆ ಒಂದು ಕೆ.ಜಿ. ಉರಿಯಲು 14.7 ಕೆ.ಜಿ. ಗಾಳಿ ಬೇಕು, ಶೇ. 20 ಎಥೆನಾಲ್ ಇದ್ದರೆ ಸುಮಾರು 13.5 ಸಾಕು. ಅಂದರೆ ಹಳೆ ಜೆಟ್‌ಗೆ ಈಗ ಗಾಳಿ ಮಿಕ್ಕುತ್ತದೆ. ನಮ್ಮ ಬೆಟ್ಟ ಒಂದು ಕಡೆ ಎಳೆದರೆ ಹೊಸ ಪೆಟ್ರೋಲ್ ಇನ್ನೊಂದು ಕಡೆ ಎಳೆಯುತ್ತದೆ. ಬೇರೆ ಊರಿನವರು ಹೇಳಿದ 'ಇಷ್ಟು ಸುತ್ತು' ಅನ್ನುವ ಲೆಕ್ಕ ನಿಮ್ಮ ಗಾಡಿಗೆ ಸರಿಹೋಗದೆ ಇರುವುದು ಇದಕ್ಕೇ. ಗಾಡಿ ಎಲ್ಲಿ ಓಡುತ್ತದೋ ಅಲ್ಲೇ ಟ್ಯೂನ್ ಮಾಡಬೇಕು.

ತೋಟದ ರಸ್ತೆಯಲ್ಲಿ ಸುಮ್ನೆ ಒಂದು ಸುತ್ತು ಹಾಕಿದರೆ ಎಂಜಿನ್ ಸಾಕಷ್ಟು ಬಿಸಿಯಾಗುವುದಿಲ್ಲ. ಕುಶಾಲನಗರದವರೆಗೆ ಹೋಗಿ ಬನ್ನಿ. ಬಂದವರೇ ಗಾಡಿಯನ್ನು ಸ್ಟ್ಯಾಂಡ್ ಹಾಕಿ ಬಯಲಲ್ಲಿ ನಿಲ್ಲಿಸಿ. ಫಿಲ್ಟರ್ ಕಡೆಗೆ ಇರುವ ಸಣ್ಣ ಸ್ಕ್ರೂ ಗಾಳಿಯದು, ನಡುವೆ ಇರುವುದು ಸ್ಲೈಡ್ ಎತ್ತುವುದು. ಗಾಳಿ ಸ್ಕ್ರೂ ಮೆಲ್ಲಗೆ ತಾಗುವವರೆಗೆ ಒಳಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತನ್ನಿ. ಹೊರಗೆ ಬಂದಷ್ಟೂ ಗಾಳಿ ಜಾಸ್ತಿ. ಸ್ಲೈಡ್ ಸ್ಕ್ರೂನಲ್ಲಿ ಆಫ್ ಆಗದಷ್ಟು ಸ್ಪೀಡ್ ಇಡಿ. ಆಮೇಲೆ ಗಾಳಿ ಸ್ಕ್ರೂ ಕಾಲು ಸುತ್ತು ತಿರುಗಿಸಿ, ಸ್ವಲ್ಪ ಕಾಯಿರಿ, ಕೇಳಿ. ಎಲ್ಲಿ ಸ್ಪೀಡ್ ತಾನಾಗಿ ಅತಿ ಹೆಚ್ಚು ಏರಿ ನಯವಾಗುತ್ತದೋ ಅದೇ ಜಾಗ. ಏರಿದ ಸ್ಪೀಡನ್ನು ಸ್ಲೈಡ್ ಸ್ಕ್ರೂನಲ್ಲಿ ಇಳಿಸಿ, ಗಾಳಿ ಸ್ಕ್ರೂ ಮತ್ತೊಮ್ಮೆ ಹುಡುಕಿ. ಅವಸರ ಬೇಡ, ಬುಲೆಟ್ ಪ್ರತಿ ಬದಲಾವಣೆಗೂ ಸ್ವಲ್ಪ ಹೊತ್ತು ತಗೊಳ್ಳುತ್ತದೆ. ಸರಿಯಾದ ಜಾಗ ಒಂದು ಸುತ್ತಿಗಿಂತ ಒಳಗೇ ಸಿಕ್ಕಿದರೆ ಜೆಟ್ ಇನ್ನೂ ಕಟ್ಟಿದೆ, ಇಲ್ಲವೇ ಗಾಳಿ ಸೋರುತ್ತಿದೆ. ಎರಡೂವರೆ ದಾಟಿದರೆ ಪೆಟ್ರೋಲ್ ಎಲ್ಲಿಂದಲೋ ಜಾಸ್ತಿ ಬರುತ್ತಿದೆ, ಫ್ಲೋಟ್ (ಬೌಲ್‌ನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಭಾಗ) ಮತ್ತು ಏರ್ ಫಿಲ್ಟರ್ ನೋಡಿ.

ಸಂಪಾಜೆ ಘಾಟಿ ಇಳಿದು ಸುಳ್ಯ, ಮಂಗಳೂರು ಕಡೆ ಆಗಾಗ ಹೋಗುವವರಾದರೆ ಆ ಜಾಗದಿಂದ ಸ್ವಲ್ಪವೇ ಸ್ವಲ್ಪ ಒಳಗೆ ತಿರುಗಿಸಿ ಬಿಡಿ. ಕೆಳಗೆ ಗಾಳಿ ದಟ್ಟ, ಅಲ್ಲಿ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಅತಿಯಾಗಿ ಬಿಸಿಯಾಗುವುದು ಬೇಡ.

ಸ್ಲೋ ಬೇಕಂತಲೇ ತುಂಬಾ ಕಡಿಮೆ ಇಡಬೇಡಿ. ಡಗ್... ಡಗ್... ಅಂತ ಬಿಟ್ಟು ಬಿಟ್ಟು ಹೊಡೆಯುವುದು ಕೇಳಲು ಚೆಂದ ನಿಜ, ಆದರೆ ಅಷ್ಟು ಇಳಿಸಿದರೆ ಎಂಜಿನ್‌ಗೆ ಆಯಿಲ್ ಸರಿಯಾಗಿ ಏರುವುದಿಲ್ಲ. ನಿಮ್ಮ ಕಡೆ ಆನೆ ಓಡಾಟವೂ ಇದೆ. ಸಂಜೆ ತೋಟದ ತಿರುವಿನಲ್ಲಿ ನಿಲ್ಲಿಸಿದಾಗ ಆಫ್ ಆಗುವ ಗಾಡಿ ನಿಜಕ್ಕೂ ಅಪಾಯ. ಸ್ವಲ್ಪ ಚುರುಕಾಗಿಯೇ ಇರಲಿ.

ಮುಂದಿನ ಮಳೆಗಾಲಕ್ಕೆ ಗಾಡಿ ನಿಲ್ಲಿಸುವಾಗ ಕಾಕ್ ಮುಚ್ಚಿ, ತಾನಾಗಿ ಆಫ್ ಆಗುವವರೆಗೆ ಎಂಜಿನ್ ಓಡಿಸಿ ಬೌಲ್ ಖಾಲಿ ಮಾಡಿ.

ಇಷ್ಟೆಲ್ಲ ಮಾಡಿಯೂ ನಿಲ್ಲದಿದ್ದರೆ ಇಗ್ನಿಷನ್ ಆಫ್ ಮಾಡಿ, ಕಂಪ್ರೆಷನ್ ಬಂದ ಜಾಗದಲ್ಲಿ ಕಿಕ್ಕರ್ ಮೇಲೆ ನಿಮ್ಮ ಭಾರ ಬಿಡಿ. ಕೆಲವು ಸೆಕೆಂಡ್ ಹೊರಬೇಕು. ಕೂಡಲೇ ಕುಸಿದರೆ ವಾಲ್ವ್ ಇಲ್ಲವೇ ರಿಂಗ್ ಕೆಲಸ ಇದೆ, ಅದಕ್ಕೆ ಹೆಡ್ ಬಿಚ್ಚಲು ಗೊತ್ತಿರುವ ಹಳೆ ಬುಲೆಟ್ ಮೆಕ್ಯಾನಿಕ್ ಬೇಕು. ಲೋಟದಲ್ಲಿ ನೀರು ಕಂಡಿತೋ ಇಲ್ಲವೋ, ಚೋಕ್ ಎಳೆದಾಗ ಏನಾಯಿತು, ಇವೆರಡನ್ನು ಇಲ್ಲೇ ಬರೆಯಿರಿ. ಮುಂದಿನದು ಅದನ್ನು ನೋಡಿ ಹೇಳುತ್ತೇನೆ.