ಕ್ಲೋರಿನ್‌ಗೆ ಅಮೋನಿಯಾ ಸೇರಿದರೆ ಏನಾಗುತ್ತದೆ?

ಪ್ರಶ್ನೆ: ಅಪಾರ್ಟ್‌ಮೆಂಟಿನ ಈಜುಕೊಳದ ಟೈಲ್ಸ್ ತಿಕ್ಕಲು ಕ್ಲೋರಿನ್ ಪುಡಿಯ ನೀರಿಗೆ ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣ ಸುರಿದಾಗ ಕೆಲಸದವರಿಗೆ ಕಣ್ಣುರಿ, ಕೆಮ್ಮು ಬಂತು. ಎರಡೂ ಶುಚಿ ಮಾಡುವ ವಸ್ತುಗಳೇ ಅಲ್ಲವೇ? – ಓದುಗರೊಬ್ಬರು, ಮೈಸೂರು

ಉತ್ತರ: ಬೇರೆಬೇರೆಯಾಗಿ ಬಳಸಿದರೆ ಹೌದು. ಬೆರೆತ ಕೂಡಲೇ ಕ್ಲೋರಮೈನ್ ಎಂಬ ವಿಷವಸ್ತು ಹುಟ್ಟಿ ಆವಿಯಾಗಿ ಏಳುತ್ತದೆ. ಕಣ್ಣು, ಗಂಟಲು, ಶ್ವಾಸಕೋಶದ ತೇವಕ್ಕೆ ತಗುಲಿ ಸುಡುತ್ತದೆ. ಬಾಗಿಲು ಮುಚ್ಚಿದ ಪಂಪ್ ಕೋಣೆಯಲ್ಲಿ ಇದು ಪ್ರಾಣಕ್ಕೇ ಎರವಾಗಬಹುದು. ಕ್ಲೋರಿನ್ ಅತಿಯಾದರೆ ನೈಟ್ರೋಜನ್ ಟ್ರೈಕ್ಲೋರೈಡ್ ಕೂಡ ಆಗುತ್ತದೆ. ಅದು ಸ್ಫೋಟಕ: 1811ರಲ್ಲಿ ಅದನ್ನು ಮೊದಲು ತಯಾರಿಸಿದ ಫ್ರಾನ್ಸಿನ ಡ್ಯುಲಾಂಗ್ ಒಂದು ಕಣ್ಣನ್ನೂ ಬೆರಳುಗಳನ್ನೂ ಕಳೆದುಕೊಂಡರು.

ಹೀಗಾದಾಗ ಬಕೆಟ್ ಎತ್ತಿ ಚೆಲ್ಲಲು ಹೋಗಬೇಡಿ, ಮೊದಲು ಎಲ್ಲರೂ ಹೊರಗೆ ಬನ್ನಿ. ಕಣ್ಣನ್ನು ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಿರಿ. ಎದೆ ಬಿಗಿದರೆ, ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿ. ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆಗಳ ನಂತರವೂ ಶುರುವಾಗಬಹುದು. ಕೆಮ್ಮು ನಿಂತಿತೆಂದು ಸುಮ್ಮನಾಗಬೇಡಿ.

ಯೂರಿಯಾ, ಅಮೋನಿಯಂ ಸಲ್ಫೇಟ್‌ನಂಥ ಗೊಬ್ಬರದ ಚೀಲಗಳೂ ಕ್ಲೋರಿನ್ ಡಬ್ಬದ ಹತ್ತಿರ ಇರಬಾರದು. ತೋಟದ ಸಾಮಾನೂ ಕೊಳದ ಸಾಮಾನೂ ಒಂದೇ ಕೋಣೆಯಲ್ಲಿ ತುಂಬುವುದು ನಮ್ಮಲ್ಲಿ ಮಾಮೂಲು! ಟಾಯ್ಲೆಟ್ ತೊಳೆಯುವ ಆಸಿಡ್ ಬಿದ್ದರಂತೂ ಕ್ಲೋರಿನ್ ಅನಿಲವೇ ಏಳುತ್ತದೆ. ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೆಲಮಟ್ಟದಲ್ಲೇ ನಿಲ್ಲುತ್ತದೆ.

ಪ್ರಶ್ನೆ: ಕೊಳದಲ್ಲಿ ಕ್ಲೋರಿನ್ ವಾಸನೆ ಜೋರಾಗಿದೆ. ಪುಡಿ ಕಡಿಮೆ ಮಾಡಲೇ?

ಉತ್ತರ: ಬಹುಪಾಲು ಸಲ ಹೆಚ್ಚೇ ಬೇಕಾಗುತ್ತದೆ. ಆ ಘಾಟು ಬೆವರು, ಮೂತ್ರದ ಜೊತೆ ಕೂಡಿದ ಕ್ಲೋರಿನ್‌ನದು, ಅಂದರೆ ಅದೇ ಕ್ಲೋರಮೈನ್. ಹಳದಿ ಬಣ್ಣ ತೋರಿಸುವ ಅಗ್ಗದ ಕಿಟ್ ಒಟ್ಟು ಕ್ಲೋರಿನ್ ಮಾತ್ರ ಹೇಳುತ್ತದೆ. ಗುಲಾಬಿ ಬಣ್ಣ ತೋರಿಸುವ ಡಿಪಿಡಿ ಕಿಟ್‌ನಲ್ಲಿ ಒಟ್ಟು ಕ್ಲೋರಿನ್, ಮುಕ್ತ (ಯಾವುದರ ಜೊತೆಗೂ ಕೂಡದೆ ಉಳಿದ) ಕ್ಲೋರಿನ್ ಎರಡನ್ನೂ ಅಳೆದು, ಒಟ್ಟರಿಂದ ಮುಕ್ತವನ್ನು ಕಳೆಯಿರಿ. ಉಳಿದದ್ದರ ಹತ್ತು ಪಟ್ಟು ಕ್ಲೋರಿನ್ ಹಾಕಬೇಕು. ಒಂದು ಲಕ್ಷ ಲೀಟರ್ ಕೊಳದಲ್ಲಿ ವ್ಯತ್ಯಾಸ 0.5 ಪಿಪಿಎಂ (ಲೀಟರಿಗೆ 0.5 ಮಿಲಿಗ್ರಾಂ) ಇದ್ದರೆ 500 ಗ್ರಾಂ ಕ್ಲೋರಿನ್. 65 ಶೇಕಡಾ ಕ್ಲೋರಿನ್ ಸಿಗುವ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿ ಆದರೆ ಸುಮಾರು 770 ಗ್ರಾಂ. ಒಮ್ಮೆಗೇ ಪೂರ್ತಿ ಹಾಕಿ, ಅರ್ಧಕ್ಕೆ ನಿಲ್ಲಿಸಿದರೆ ಘಾಟು ಇನ್ನೂ ಹೆಚ್ಚುತ್ತದೆ.

ಸಂಜೆ ಕೊಳ ಖಾಲಿಯಾದ ಮೇಲೆ, ಪಂಪ್ ಓಡುತ್ತಿರುವಾಗ, ಬಕೆಟ್ ನೀರಿಗೆ ಪುಡಿ ಹಾಕಿ ಕಲಸಿ ಸುರಿಯಿರಿ. ಪುಡಿಯ ಮೇಲೆ ನೀರು ಹೊಯ್ಯಬೇಡಿ. ಟ್ರೈಕ್ಲೋರ್ (ಇನ್ನೊಂದು ಬಗೆಯ ಕ್ಲೋರಿನ್) ಮಾತ್ರೆ ಹಾಕಿದ್ದ ಫೀಡರ್‌ಗೆ, ಅಂದರೆ ಕೊಳಕ್ಕೆ ಕ್ಲೋರಿನ್ ಬಿಡುವ ಡಬ್ಬಕ್ಕೆ, ಈ ಪುಡಿ ತುಂಬಿದರೆ ಬೆಂಕಿ, ಸ್ಫೋಟದ ಅಪಾಯವಿದೆ. ಬೆಳಿಗ್ಗೆ ಮತ್ತೆ ಅಳೆದು, ಮುಕ್ತ ಕ್ಲೋರಿನ್ 3 ಪಿಪಿಎಂಗೆ ಇಳಿದ ಮೇಲಷ್ಟೇ ಮಕ್ಕಳನ್ನು ನೀರಿಗಿಳಿಸಿ.